ನನ್ನ ಪಾಲೆಂದು ಅಳಿಸಿದ್ದು

ಮಂಗಳವಾರ ಸಂಜೆಯಿಂದ ಶುಕ್ರವಾರ ಮಧ್ಯಾಹ್ನದವರೆಗೆ ನಾನು ನನ್ನ ತಂಗಿಗೆ ಒಂದು ಮಾತು ಹೇಳಬೇಕಾಗಿತ್ತು: ಲ್ಯಾಪ್‌ಟಾಪ್ ಮುಚ್ಚು, ಇನ್ನೊಂದು ಗೆರೆಯನ್ನೂ ಬರೆಯಬೇಡ. ಹೇಳಲಿಲ್ಲ. ಅವಳು ಬರೆಯುತ್ತಲೇ ಇದ್ದಳು. ಬರೆದ ಪ್ರತಿ ಹೊಸ ಗೆರೆಯೂ ಕಳೆದುಹೋದ ಹಳೆಯ ಗೆರೆಯೊಂದರ ಮೇಲೆ ಕೂತು, ಅದನ್ನು ಮತ್ತೆಂದೂ ಸಿಗದ ಹಾಗೆ ಮಾಡುತ್ತಿರಬಹುದು ಎಂದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ನಾನು ಬಾಯಿ ಬಿಡದಿದ್ದುದಕ್ಕೆ ಕಾರಣ ಒಂದೇ. ಬಿಟ್ಟಿದ್ದರೆ, ಅದು ನಿನಗೆ ಹೇಗೆ ಗೊತ್ತು ಎಂದು ಅವಳು ಕೇಳುತ್ತಿದ್ದಳು.

ನಮ್ಮೂರು ತಮಿಳುನಾಡಿನ ತೇನಿ ಜಿಲ್ಲೆಯ ತೇವಾರಂ. ಮನೆಯಲ್ಲಿ ಆಡುವುದು ಕನ್ನಡ, ಬೀದಿಗಿಳಿದರೆ ತಮಿಳು. ನಾನು ಏಳನೇ ತರಗತಿವರೆಗೆ ತಮಿಳಿನಲ್ಲಿ ಓದಿದವಳು. ಕನ್ನಡದ ಅಕ್ಷರ ಕಲಿತದ್ದು ಆಮೇಲೆ, ರಾಮನಗರದ ಕಡೆ ಗಾರ್ಮೆಂಟ್ಸಿನಲ್ಲಿ ಇದ್ದಾಗ. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು, ದಿಂಡಿಗಲ್ಲಿನಲ್ಲಿ ಡಿಪ್ಲೊಮಾ ಮಾಡಿದ್ದಾಳೆ. ರವಿಕೆಯ ಕತ್ತಿಗೆ, ತೋಳಿಗೆ ಹಾಕುವ ಕಸೂತಿಯನ್ನು ಅವಳು ಲ್ಯಾಪ್‌ಟಾಪಿನಲ್ಲಿ ಬರೆಯುತ್ತಾಳೆ. ಮನೆಯ ಮುಂದಿನ ತಗಡಿನ ಮಾಡಿನಲ್ಲಿ ಕಸೂತಿ ಯಂತ್ರವೂ ಅದಕ್ಕೆ ಕಟ್ಟಿದ ಹಳೆಯ ಕಂಪ್ಯೂಟರೂ ಇವೆ. ಅವಳು ಬರೆದದ್ದನ್ನು ನಾನು ಅಲ್ಲಿ ಹೊಲಿಯುತ್ತೇನೆ.

ಆಡಿ ತಿಂಗಳಲ್ಲಿ, ಅಂದರೆ ತಮಿಳರ ಆಷಾಢದಲ್ಲಿ, ನಮ್ಮಲ್ಲಿ ಮದುವೆಗಳಿಲ್ಲ. ಆದರೆ ಅದರ ಮುಂದಿನ ತಿಂಗಳಾದ ಆವಣಿಯ ಮದುವೆಗೆ ಬೇಕಾದ ರವಿಕೆಗಳು ತಯಾರಾಗುವುದು ಆ ತಿಂಗಳಲ್ಲೇ. ದಿಂಡಿಗಲ್ಲಿನ ಒಂದು ಷೋರೂಮಿನ ಒಡತಿ ತಂಗಿಯ ಕೆಲಸ ನೋಡಿ, ಮೂವತ್ತಾರು ಕತ್ತಿನ ಡಿಸೈನು ಬರೆದು ತಾ ಎಂದಿದ್ದರು. ತಂಗಿ ಮೂರು ತಿಂಗಳು ಕೂತು ಬರೆದಳು. ಅವುಗಳ ಚಿಕ್ಕ ಚಿಕ್ಕ ಚಿತ್ರಗಳಿಗೆ ಒಂದರಿಂದ ಮೂವತ್ತಾರರವರೆಗೆ ನಂಬರು ಹಾಕಿ ಫೋನಿನಲ್ಲಿ ಕಳಿಸಿಯೂ ಆಗಿತ್ತು. ಆಡಿಯ ಕೊನೆಯ ಸೋಮವಾರ ಅಸಲು ಫೈಲುಗಳನ್ನು ಒಪ್ಪಿಸಬೇಕು. ಒಪ್ಪಿಗೆಯಾದರೆ ಆವಣಿ ಒಂದರಿಂದ ಷೋರೂಮಿನಲ್ಲಿ ಅವಳಿಗೆ ಒಂದು ಮೇಜು, ಒಂದು ಕಂಪ್ಯೂಟರು, ಪ್ರತಿ ಡಿಸೈನಿನ ಕಾರ್ಡಿನ ಮೇಲೆ ಅವಳ ಹೆಸರು. ಅಲ್ಲಿಯವರೆಗೆ ಹತ್ತಿರದ ಪೇಟೆಗಳಾದ ಬೋಡಿ, ತೇನಿಯ ಅಂಗಡಿಗಳು ಅವಳ ಕೆಲಸವನ್ನು ತಮ್ಮ ಹೆಸರಿನಲ್ಲೇ ಮಾರುತ್ತಿದ್ದವು. ಮೇಜಿನ ಮಾತನ್ನು ಅವಳು ಹೆಚ್ಚಾಗಿ ಆಡುತ್ತಿರಲಿಲ್ಲ. ಆದರೆ ಕಾರ್ಡಿನ ಮೇಲೆ ಹೆಸರನ್ನು ಹೇಗೆ ಬರೆಯಬೇಕು, ಅಪ್ಪನ ಇನಿಷಿಯಲ್ ಮುಂದೆ ಇರಲೋ ಹಿಂದೆ ಇರಲೋ ಎಂದು ನನ್ನನ್ನು ಮೂರು ಸಲ ಕೇಳಿದ್ದಳು.

ಮೊದಲು ನಾವು ಪೆನ್ ಡ್ರೈವಿನಲ್ಲಿ ಫೈಲುಗಳನ್ನು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಹೊರುತ್ತಿದ್ದೆವು. ಅದಕ್ಕೆ ಎಲ್ಲಿಂದಲೋ ವೈರಸ್ ಹತ್ತಿತು. ತಂಗಿ ಅದನ್ನು ಪೂರ್ತಿ ಒರೆಸಿ, ಇನ್ನು ಈ ಹೊರುವ ಕೆಲಸವೇ ಬೇಡವೆಂದು ಕಿಟಕಿಯ ಮೇಲೊಂದು ವೈಫೈ ಪೆಟ್ಟಿಗೆ ಇಟ್ಟಳು. ಎರಡೂ ಕಂಪ್ಯೂಟರುಗಳನ್ನು ಅದಕ್ಕೆ ಸೇರಿಸಿ, ತನ್ನ ಲ್ಯಾಪ್‌ಟಾಪಿನ ಒಂದು ಫೋಲ್ಡರನ್ನು ನನ್ನ ಕಡೆಗೂ ಕಾಣುವಂತೆ ಮಾಡಿದಳು. ಪ್ರತಿ ಡಿಸೈನಿಗೆ ಯಾವ ನೂಲು ಹಾಕಿದೆ, ಎಲ್ಲಿ ಕಡಿಯಿತು ಎಂದು ನಾನು ಅದರಲ್ಲೇ ಬರೆದಿಡಬೇಕಿತ್ತು. ಹಾಗಾಗಿ ಓದುವುದಕ್ಕಷ್ಟೇ ಅಲ್ಲ, ಬರೆಯುವುದಕ್ಕೂ ಅನುಮತಿ ಕೊಟ್ಟಳು. ನನ್ನ ಕಂಪ್ಯೂಟರಿನಲ್ಲಿ ಅದು ಜೆಡ್ ಎಂಬ ಅಕ್ಷರದ ಹೊಸ ಡ್ರೈವಾಗಿ ಕಾಣಿಸಿಕೊಂಡಿತು.

"ಏನ್ ಪಾಪ್ಪಾ ಇದು, ಪುದುಸಾಗಿ ಒಂದು ಪೊಟ್ಟಿ?" ಎಂದೆ, ಹೊಸ ಪೆಟ್ಟಿಗೆಯೊಂದು ಬಂದಿದೆಯಲ್ಲ ಎಂದು. ಅವಳನ್ನು ನಾನು ಹುಟ್ಟಿದಾಗಿನಿಂದ ಪಾಪ್ಪಾ ಎಂದೇ ಕರೆಯುವುದು.

"ಷೇರ್ ಅಕ್ಕಾ."

"ಷೇರ್ ಅಂದ್ರೆ?"

"ಪಾಲು. ನಿನ್ಕೊಂದು ಪಾಲು, ನನ್ಕೊಂದು ಪಾಲು. ಅಪ್ಪನ ಸೊತ್ತನ್ನ ಇಲ್ಲೇ ಪಿರಿಸ್ಬುಟ್ಟೆ ನೋಡು," ಎಂದು ನಕ್ಕಳು.

ಅವಳು ತಮಾಷೆಗೆ ಹೇಳಿದ್ದನ್ನು ನಾನು ಅಕ್ಷರಶಃ ತೆಗೆದುಕೊಂಡೆ. ನಮ್ಮಂಥ ಬೇಸಾಯಗಾರರ ಮನೆಗಳಲ್ಲಿ ಪಾಲು ಎಂದರೆ ಅರ್ಥ ಒಂದೇ. ಅಪ್ಪನೂ ದೊಡ್ಡಪ್ಪನೂ ಬೆಟ್ಟದ ಕೆಳಗಿನ ತೋಟವನ್ನು ಪಾಲು ಮಾಡಿಕೊಂಡು ನಡುವೆ ಕಲ್ಲು ನೆಟ್ಟ ವರ್ಷ, ಅಪ್ಪ ನಮ್ಮ ಬದಿಯ ದ್ರಾಕ್ಷಿ ಚಪ್ಪರವನ್ನು ಪೂರ್ತಿ ಕಿತ್ತು ಮೇವು ಬಿತ್ತಿದರು. ದೊಡ್ಡಪ್ಪನ ಬದಿಯ ಚಪ್ಪರದ ಒಂದು ಎಲೆಯೂ ಅಲುಗಲಿಲ್ಲ. ಪಾಲಾದ ಮೇಲೆ ನನ್ನದು ನನ್ನದು, ನಿನ್ನದು ನಿನ್ನದು. ಜೆಡ್ ಡ್ರೈವಿನಲ್ಲಿ ಇರುವುದು ನನ್ನ ಪಾಲಿನ ಪ್ರತಿ, ತಂಗಿಯ ಪಾಲು ಅವಳ ಲ್ಯಾಪ್‌ಟಾಪಿನಲ್ಲಿ ಬೇರೆಯೇ ಇದೆ ಎಂದು ಐದು ತಿಂಗಳು ನಂಬಿಕೊಂಡಿದ್ದೆ. ಯಾರನ್ನೂ ಕೇಳಲಿಲ್ಲ. ತಿಳಿದಿದೆ ಎಂದುಕೊಂಡದ್ದನ್ನು ಯಾರು ಕೇಳುತ್ತಾರೆ?

ಆ ಮಂಗಳವಾರ ಬೆಳಿಗ್ಗೆ ಗಾಳಿ ಬಲವಾಗಿತ್ತು, ತಗಡು ಬಡಿದುಕೊಳ್ಳುತ್ತಿತ್ತು. ಒಂದು ರವಿಕೆಯ ತೋಳು ಯಂತ್ರದ ಚೌಕಟ್ಟಿನಲ್ಲಿ ಅರ್ಧ ಹೊಲಿದು ನಿಂತಿತ್ತು. ಹೊಲಿಗೆಯ ಪ್ರೋಗ್ರಾಮು ತೆರೆಯಲಿಲ್ಲ. ಡಿಸ್ಕ್ ತುಂಬಿದೆ ಎಂದು ಹೇಳಿತು. ನೋಡಿದರೆ ನನ್ನ ಡ್ರೈವಿನ ಪಟ್ಟಿ ಕೆಂಪಾಗಿತ್ತು. ಏನನ್ನಾದರೂ ಅಳಿಸಬೇಕು. ಯಾವುದು ದೊಡ್ಡದು ಎಂದು ಹುಡುಕಿದೆ. ಜೆಡ್ ಒಳಗೆ 'ದಿಂಡಿಗಲ್' ಎಂಬ ಫೋಲ್ಡರು ಎಲ್ಲಕ್ಕಿಂತ ದೊಡ್ಡದಾಗಿತ್ತು. ಅದು ನಾನು ಹೊಲಿಯಬೇಕಾದದ್ದಲ್ಲ, ಷೋರೂಮಿಗೆ ಹೋಗಬೇಕಾದದ್ದು. ನನ್ನ ಪಾಲಿನಲ್ಲಿ ಅದು ಸುಮ್ಮನೆ ಜಾಗ ತಿನ್ನುವುದೇಕೆ ಎಂದು ಆರಿಸಿ ಡಿಲೀಟ್ ಒತ್ತಿದೆ.

ಒಂದು ಚೌಕ ಎದ್ದಿತು. ದಿನವೂ ಏಳುವ ಚೌಕವಲ್ಲ ಅದು. ದಿನದ್ದು ಕಸದ ಬುಟ್ಟಿಗೆ ಹಾಕಲೇ ಎಂದು ಕೇಳುತ್ತದೆ. ಇದರಲ್ಲಿ ಬುಟ್ಟಿಯ ಮಾತೇ ಇರಲಿಲ್ಲ, ನನಗೆ ಓದಲು ಬಾರದ ಒಂದು ಉದ್ದನೆಯ ಇಂಗ್ಲಿಷ್ ಪದವಿತ್ತು. ಬೇರೆಯಾಗಿದೆ ಎಂದು ಕಂಡಿತು. ಆದರೂ 'ಯೆಸ್' ಒತ್ತಿದೆ. ಹಸಿರು ಪಟ್ಟಿ ನಾಲ್ಕೈದು ಸೆಕೆಂಡು ಓಡಿತು. ನನ್ನ ಡ್ರೈವಿನ ಕೆಂಪು ಮಾತ್ರ ಹಾಗೇ ಇತ್ತು. ಆಗಲಾದರೂ ಅನುಮಾನ ಬರಬೇಕಿತ್ತು. ನಾನು ನನ್ನ ಹಳೆಯ ವಿಡಿಯೊಗಳನ್ನೂ ಅಳಿಸಿದೆ, ಕೆಂಪು ಹೋಯಿತು, ಯಂತ್ರ ಓಡಿತು, ಎರಡು ತೋಳು ಮುಗಿಸಿದೆ.

ಊಟವಾದ ಮೇಲೆ ತಂಗಿ ಒಳಗಿನಿಂದ ಕೂಗಿದಳು.

"ಅಕ್ಕಾ, ದಿಂಡಿಗಲ್ ಫೋಲ್ಡರ್ ನಿನ್ ಕಡೆ ತೋರುತ್ತಾ? ಇಲ್ಲಿ ಕಾಣಲ್ಲ."

ನಾನು ಜೆಡ್ ತೆರೆದು ನೋಡಿದೆ. ಅಲ್ಲಿ ಇಲ್ಲದಿರುವುದು ನನಗೆ ಗೊತ್ತೇ ಇತ್ತು. ಅವಳ ಹತ್ತಿರವೂ ಇಲ್ಲ ಎಂದರೆ ಏನು ಎಂಬುದು ಅರ್ಥವಾಗುವಾಗ ಕೈ ಮೌಸಿನ ಮೇಲೆಯೇ ಇತ್ತು. ಎರಡು ಪಾಲು ಎಂದೂ ಇರಲಿಲ್ಲ. ಒಂದೇ ಪಾತ್ರೆಗೆ ಇಬ್ಬರೂ ಕೈ ಹಾಕುತ್ತಿದ್ದೆವು.

"ಇಲ್ಲೂ ಅಳ್ದೋಗೈತೆ," ಎಂದೆ.

ನನ್ನ ಬಾಯಿಂದ ಬಂದ ಮಾತು ಅದು. ಅಳಿದುಹೋಗಿದೆ. ಅಳಿಸಿದೆ ಎನ್ನಲಿಲ್ಲ. ಒಂದು ಅಕ್ಷರದ ವ್ಯತ್ಯಾಸ. ಸುಳ್ಳಲ್ಲ ಎಂದು ಆ ಗಳಿಗೆಯಲ್ಲಿ ನನಗೆ ನಾನೇ ಹೇಳಿಕೊಂಡೆ.

ಅವಳು ಒಂದು ಗಂಟೆ ಹುಡುಕಿದಳು. ಕಸದ ಬುಟ್ಟಿ ಖಾಲಿ. ಹೆಸರು ಹಾಕಿ ಹುಡುಕಿದರೆ ಏನೂ ಇಲ್ಲ. ಸಂಜೆ ತೇನಿಯಲ್ಲಿ ನಮ್ಮ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಅವರು ಕೊಡೈಕಾನಲ್ಲಿನ ಒಂದು ಹೋಟೆಲಿನಲ್ಲಿ ಕ್ಯಾಮೆರಾ ಕೂರಿಸಲು ಹೋಗಿದ್ದರು, ಶುಕ್ರವಾರಕ್ಕೆ ಇಳಿಯುವುದು. ಮಾತು ಕಡಿದು ಕಡಿದು ಬರುತ್ತಿತ್ತು. ಅವರು ಕೇಳಿದ ಮೊದಲ ಪ್ರಶ್ನೆಯೇ ಅದು.

"ಅಳಿಂಜುದಾಮ್ಮಾ, ಅಳಿಚ್ಚೀಂಗಳಾ?" ತಾನಾಗಿ ಅಳಿಯಿತೋ, ನೀವು ಅಳಿಸಿದಿರೋ?

"ಅಳಿಂಜು ಪೋಚು ಅಣ್ಣೇ," ಎಂದಳು ತಂಗಿ. ನಿನ್ನೆ ಎರಡು ಸಲ ಕರೆಂಟು ಹೋಗಿ ಬಂದಿತ್ತು ಎಂದೂ ಸೇರಿಸಿದಳು.

ಹಾಗಾದರೆ ಡಿಸ್ಕಿನ ತೊಂದರೆ ಇರಬಹುದು, ಚೆಕ್ ಮಾಡುವ ಒಂದು ಆಜ್ಞೆ ಕೊಟ್ಟು ನೋಡು, ಕೆಲಸ ಮಾಡುತ್ತಿರು, ಶುಕ್ರವಾರ ತಂದುಬಿಡು ಎಂದರು. ಆಮೇಲೆ, ಫೋನು ಇಡುವ ಮೊದಲು, ಸುಮ್ಮನೆ ಹೇಳುವಂತೆ ಹೇಳಿದರು: ಯಾರಾದರೂ ಕೈಯಾರೆ ಅಳಿಸಿದ್ದರೆ ಮಾತ್ರ ಸಂಗತಿ ಬೇರೆ, ಆಗ ಲ್ಯಾಪ್‌ಟಾಪನ್ನು ಮುಟ್ಟಲೇಬಾರದು. "ಮಂಡಿಯಲ್ಲಿ ಮೂಟೆ ಮೇಲಿನ ಹೆಸರು ಒರೆಸಿದ ಹಾಗಮ್ಮಾ. ಸರಕು ಒಳಗೇ ಇರುತ್ತೆ. ಆದರೆ ಹೆಸರಿಲ್ಲದ ಮೂಟೆ ಕಂಡರೆ ಆಳು ಅದನ್ನು ಸುರಿದು ಬೇರೆಯವರ ಸರಕು ತುಂಬಿಬಿಡ್ತಾನೆ. ಆಮೇಲೆ ಯಾರೂ ತರಲಿಕ್ಕಾಗಲ್ಲ." ಇದನ್ನೆಲ್ಲ ತಮಿಳಿನಲ್ಲಿ ಹೇಳಿದರು. ತಂಗಿ ಹ್ಞೂಂಗುಟ್ಟಿದಳು, ಅವಳಿಗೆ ಸಂಬಂಧಿಸಿದ ಮಾತಲ್ಲವಲ್ಲ. ನಾನು ಬಾಗಿಲ ಬಳಿ ನಿಂತು ಪೂರ್ತಿ ಕೇಳಿಸಿಕೊಂಡೆ.

ಬುಧವಾರ ಬೆಳಿಗ್ಗೆ ಅವಳು ಆ ಚೆಕ್ಕನ್ನು ಓಡಿಸಿದಳು. ಕಪ್ಪು ಪರದೆಯ ಮೇಲೆ ಶೇಕಡಾ ಅಂಕಿ ಏರುತ್ತಾ ಹೋಯಿತು. ನೂರಾಯಿತು, ಏನೂ ಬರಲಿಲ್ಲ. ಅವಳು ಫೋನಿನಲ್ಲಿದ್ದ ಚಿಕ್ಕ ಚಿತ್ರಗಳನ್ನು ಎದುರಿಗೆ ನಿಲ್ಲಿಸಿಕೊಂಡು ಒಂದನೇ ನಂಬರಿನಿಂದ ಮತ್ತೆ ಬರೆಯತೊಡಗಿದಳು.

"ಶುಕ್ರವಾರ್ದವರೆಗೂ ಸುಮ್ಕಿರು ಪಾಪ್ಪಾ. ಅಣ್ಣೇ ಬರ್ಲಿ," ಎಂದೆ.

"ಅಣ್ಣೇ ಬಂದು ಇಲ್ಲ ಅಂದ್ರೆ? ಸೋಮವಾರ ಬೆರೀ ಕೈ ಬೀಸ್ಕಂಡು ಓಗ್ಲಾ?"

ನಾನು ಮಾಡಿಗೆ ಹೋಗಿ ಕೂತೆ. ಅವಳು ಒಂದೊಂದು ಡಿಸೈನು ಮುಗಿಸಿದಾಗಲೂ ಅದು ನನ್ನ ಜೆಡ್ ಡ್ರೈವಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ಒಂದು. ಸ್ವಲ್ಪ ಹೊತ್ತಿಗೆ ಎರಡು. ಮತ್ತೆ ತುಂಬಿದ ಮೂಟೆಗಳು.

ನಿಜ ಹೇಳದೆ ಅವಳನ್ನು ನಿಲ್ಲಿಸಲು ನಾನು ಮಾಡಿದ್ದನ್ನೆಲ್ಲ ಈಗ ನೆನೆದರೆ ಮೈ ಕುಗ್ಗುತ್ತದೆ. ಮೊದಲು ವೈಫೈ ಪೆಟ್ಟಿಗೆಯ ತಂತಿ ಕಿತ್ತೆ. ಬರೆಯಲು ವೈಫೈ ಬೇಡ. ಅವಳಿಗೆ ಗೊತ್ತೂ ಆಗಲಿಲ್ಲ. ಮಧ್ಯಾಹ್ನ ಮೀಟರಿನ ಹತ್ತಿರ ಹೋಗಿ ಮೇನ್ ಸ್ವಿಚ್ ಇಳಿಸಿದೆ. ಅವ್ವನ ಮಿಕ್ಸಿ ನಿಂತಿತು.

"ಪಕ್ಕದ ಮನೇಲಿ ಟೀವಿ ಆಡ್ತೈತೆ, ನಮ್ಗೆ ಮಾತ್ರ ಏನ್ ಬಂತು?" ಎಂದು ಅವ್ವ ಗೊಣಗಿದಳು.

"ಬ್ಯಾಟ್ರಿ ಎರಡು ಗಂಟೆ ನಿಲ್ಲುತ್ತೆ ಅವ್ವಾ, ನನ್ಗೇನಿಲ್ಲ," ಎಂದು ಒಳಗಿನಿಂದ ತಂಗಿ.

ಹತ್ತು ನಿಮಿಷಕ್ಕೆ ನಾನೇ ಹೋಗಿ ಸ್ವಿಚ್ ಏರಿಸಿದೆ. ಕರೆಂಟು ಬಂತು ಎಂದು ಅವ್ವ ನನಗೇ ಹೇಳಿದಳು.

ಆಮೇಲೆ, ನನ್ನ ಕಂಪ್ಯೂಟರಿನಲ್ಲಿ ಕೂತು ಬರೆ, ನಿನ್ನದರಲ್ಲಿ ತೊಂದರೆ ಇದೆಯಲ್ಲ ಎಂದೆ. ಆದರೆ ಬರೆಯುವ ಪ್ರೋಗ್ರಾಮಿನ ಲೈಸೆನ್ಸು ಲ್ಯಾಪ್‌ಟಾಪಿಗೆ ಮಾತ್ರ ಇತ್ತು. ನನ್ನದರಲ್ಲಿ ಹೊಲಿಯಲಷ್ಟೇ ಆಗುತ್ತದೆ. ಹಾಗಾದರೆ ಪೆನ್ ಡ್ರೈವಿಗೆ ಸೇವ್ ಮಾಡು ಎಂದು ಹಳೆಯದನ್ನು ಹುಡುಕಿ ತಂದು ಕೊಟ್ಟೆ.

"ಏನಕ್ಕಾ, ಒಂದೇ ನಾಳಿಗೆ ಇಂಜಿನಿಯರ್ ಆಗ್ಬುಟ್ಟೆ?" ಎಂದು ನಕ್ಕಳು, ಆದರೆ ಹಾಗೇ ಮಾಡಿದಳು. ನನಗೆ ಉಸಿರು ಬಂತು. ಅವಳ ಹಿಂದೆ ನಿಂತು ನೋಡುತ್ತಿದ್ದೆ. ಪರದೆಯ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಚಕ್ರ ತಿರುಗಿತು. ಅದೇನು ಎಂದೆ. "ಅದಾ? ಹತ್ತು ನಿಮಿಷಕ್ಕೊಂದ್ಸಲ ಅದೇ ಒಂದು ಕಾಪಿ ಒಳಗೆ ಎತ್ತಿಡುತ್ತೆ. ಕರೆಂಟ್ ಓದ್ರೆ ಬೇಕಲ್ಲ." ಒಳಗೆ ಎಂದರೆ ಅದೇ ಡಿಸ್ಕು.

ಗುರುವಾರ ಅವಳ ಬಲಗೈ ಮಣಿಕಟ್ಟು ಊದಿತ್ತು. ಅಲ್ಲಿ ಅವಳಿಗೆ ಹಳೆಯ ನೋವಿದೆ. ಮೂರು ತಿಂಗಳು ದಿನಕ್ಕಿಷ್ಟು ಎಂದು ಅಳೆದು ಬರೆದದ್ದು ಅದಕ್ಕೇ. ಪಟ್ಟಿ ಬಿಗಿದುಕೊಂಡು ಮೌಸನ್ನು ಎಡಗೈಗೆ ಬದಲಿಸಿದಳು. ಎಡಗೈಯಲ್ಲಿ ಒಂದು ಬಳ್ಳಿಯ ತಿರುವು ಹಾಕಲು ನಾಲ್ಕು ಸಲ ಅಳಿಸಿ ಬರೆಯುತ್ತಿದ್ದಳು. ಅವ್ವ ತಟ್ಟೆ ಹಿಡಿದು ಬಂದು ನಮ್ಮಿಬ್ಬರನ್ನೂ ನೋಡಿದಳು.

"ಏನ್ರೇ ಇದು, ಒಬ್ಳು ಪೊಟ್ಟಿ ಮುಂದೆ ಕುಂತವ್ಳೆ, ಒಬ್ಳು ಅವ್ಳ್ ಇಂದೆ ನಿಂತವ್ಳೆ. ಆ ಪೊಟ್ಟಿ ಮೊಟ್ಟೆ ಇಕ್ಕುತ್ತಾ?"

ತಂಗಿ ನಗಲಿಲ್ಲ. ಅವ್ವ ಹೋದ ಮೇಲೆ, ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ತಪ್ಪು ನಂದೇ ಅಕ್ಕಾ. ಸೋಮವಾರ ಫೋಲ್ಡರ್ ಪೇರು ಮಾತ್ಸಿದ್ನಲ್ಲ, ಬೇರೆ ಎಸ್ರು ಇಕ್ಕಿದ್ನಲ್ಲ, ಆವಾಗ ಏನೋ ಒತ್ಬುಟ್ಟಿರ್ಬೇಕು. ನೀ ಪಕ್ಕದಲ್ಲೇ ಇದ್ಯಲ್ಲ. ನಾ ಏನ್ ಒತ್ತಿದೆ, ನೀ ನೋಡ್ದ್ಯಾ?"

"ನಾ ನೋಡ್ಲಿಲ್ಲ," ಎಂದೆ.

ಅಳಿಸಿದ್ದು ತಿಳಿಯದೆ. ಈ ಮಾತು ತಿಳಿದೇ ಆಡಿದ್ದು. ಸಂಜೆಯ ಹೊತ್ತಿಗೆ ಅವಳು ಏಳು ಡಿಸೈನು ಮತ್ತೆ ಬರೆದಿದ್ದಳು.

ಶುಕ್ರವಾರ ಬೋಡಿಗೆ ಹೋಗಿ ಅಲ್ಲಿಂದ ತೇನಿಯ ಬಸ್ಸು ಹತ್ತಿದೆವು. ಲ್ಯಾಪ್‌ಟಾಪಿನ ಚೀಲ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ, ಅಂಗಡಿಯಲ್ಲಿ ಅಣ್ಣ ತಾನೇ ಕಂಡುಹಿಡಿದುಬಿಡುತ್ತಾರೆ, ನಾನು ಹೇಳುವ ಅಗತ್ಯ ಬೀಳುವುದಿಲ್ಲ ಎಂದುಕೊಂಡೆ. ಯಂತ್ರ ಹೇಳಲಿ, ನನ್ನ ಬಾಯಿ ಯಾಕೆ ಎಂಬ ಆಸೆ.

ಅಂಗಡಿ ಮಾಳಿಗೆಯ ಮೇಲಿನ ಕಿರಿದಾದ ಕೋಣೆ. ಅವರು ಲ್ಯಾಪ್‌ಟಾಪ್ ತೆರೆದು ಏನೇನೋ ನೋಡಿ, ತಲೆ ಕೆರೆದುಕೊಂಡರು. ಡಿಸ್ಕ್ ಹಳೆಯದು, ವಿಂಡೋಸ್ ಕೆಟ್ಟಿರಬಹುದು, ಒಂದು ಸಲ ಪೂರ್ತಿ ಹೊಸದಾಗಿ ಹಾಕಿಬಿಡೋಣ, ಆಮೇಲೆ ಫೋಲ್ಡರು ಹುಡುಕೋಣ ಎಂದರು. ತಂಗಿ ಮತ್ತೆ ಬರೆದಿದ್ದ ಏಳನ್ನು ಬೇರೆ ಕಡೆ ಎತ್ತಿಟ್ಟರು. ಒಂದು ಪೆನ್ ಡ್ರೈವ್ ಚುಚ್ಚಿದರು. ನೀಲಿ ಪರದೆ ಬಂತು. ಹೊಸದಾಗಿ ಹಾಕುವುದೆಂದರೆ ಒಂದೆರಡು ಮೂಟೆಯಲ್ಲ, ಇಡೀ ಮಂಡಿಯನ್ನೇ ತುಂಬುವುದು ಎಂದು ನನಗೂ ಅರ್ಥವಾಗುವಷ್ಟು ಅವರೇ ಮಂಗಳವಾರ ಹೇಳಿಕೊಟ್ಟಿದ್ದರು.

ಬೆರಳು ಎಂಟರ್ ಗುಂಡಿಯ ಮೇಲಿತ್ತು. ಅಭ್ಯಾಸದಿಂದ ಇನ್ನೊಮ್ಮೆ ಕೇಳಿದರು. "ಅಳಿಂಜುದು ದಾನೇ? ಯಾರುಂ ಅಳಿಕ್ಕಲಿಯೇ?" ತಾನಾಗೇ ಅಳಿದದ್ದು ತಾನೇ, ಯಾರೂ ಅಳಿಸಲಿಲ್ಲವಲ್ಲ?

"ಇಲ್ಲೈ ಅಣ್ಣೇ," ಎಂದು ತಂಗಿ ಹೇಳುತ್ತಿದ್ದಳು.

"ಅಳಿಚ್ಚೇನ್," ಎಂದೆ. "ನಾನ್ ದಾನ್ ಅಳಿಚ್ಚೇನ್." ನಾನೇ ಅಳಿಸಿದ್ದು.

ತಮಿಳಿನಲ್ಲಿ ಹೇಳಿದೆ. ಮನೆ ಮಾತಿನಲ್ಲಿ ಆಗಿದ್ದರೆ ಆ ಹೊತ್ತಿಗೂ ನಾಲಿಗೆ ಏಳುತ್ತಿರಲಿಲ್ಲವೇನೋ.

ಅವರು ಬೆರಳು ತೆಗೆದು, ಗುಂಡಿ ಒತ್ತಿ ಹಿಡಿದು ಲ್ಯಾಪ್‌ಟಾಪನ್ನು ಆರಿಸಿಯೇಬಿಟ್ಟರು. ಆಮೇಲೆ ನನ್ನನ್ನು ನೋಡಿದರು. ಯಾವಾಗ? ಮಂಗಳವಾರ ಬೆಳಿಗ್ಗೆ. ಯಾವ ಕಂಪ್ಯೂಟರಿನಿಂದ? ಹೊರಗಿನದರಿಂದ, ವೈಫೈ ಮೂಲಕ. "ಅದಕ್ಕೇ ಬುಟ್ಟಿಯಲ್ಲಿ ಇಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬೇರೆ ಕಂಪ್ಯೂಟರಿನಿಂದ ಅಳಿಸಿದ್ದು ಯಾರ ಬುಟ್ಟಿಗೂ ಬೀಳುವುದಿಲ್ಲವಂತೆ. ಆಮೇಲಿಂದ ಇದರಲ್ಲಿ ಕೆಲಸ ಮಾಡಿದಿರಾ? ಮೂರು ದಿನ. "ಮೂಣು ನಾಳಾ?" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಂಗಿ ನನ್ನ ಕಡೆ ತಿರುಗಲಿಲ್ಲ. ಕಟ್ಟಿದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನೀಲಿ ಹೋದ ಪರದೆಯನ್ನೇ ನೋಡುತ್ತಿದ್ದಳು.

ಅವರು ಲ್ಯಾಪ್‌ಟಾಪ್ ಮಗುಚಿ, ತಿರುಪು ಬಿಚ್ಚಿ, ಡಿಸ್ಕನ್ನು ಹೊರತೆಗೆದರು. ಒಂದು ತಂತಿಯಿಂದ ಅದನ್ನು ತಮ್ಮ ಕಂಪ್ಯೂಟರಿಗೆ ಕಟ್ಟಿದರು. ಈ ಡಿಸ್ಕಿನಿಂದ ಓದುವುದು ಮಾತ್ರ; ಸಿಕ್ಕಿದ್ದನ್ನು ಬೇರೊಂದು ಡಿಸ್ಕಿಗೆ ಇಳಿಸುವುದು. ಮಧ್ಯಾಹ್ನವಿಡೀ ಪಟ್ಟಿ ತೆವಳಿತು. ನಾವಿಬ್ಬರೂ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತಿದ್ದೆವು. ಸಿಕ್ಕಿದ ಕೆಲವಕ್ಕೆ ಹೆಸರು ಉಳಿದಿತ್ತು, ಹಲವಕ್ಕೆ ಬರೀ ಅಂಕಿ. ತಂಗಿ ಒಂದೊಂದನ್ನೇ ತೆರೆಸಿ, ಇದು ಹದಿನಾಲ್ಕು, ಇದು ಇಪ್ಪತ್ತೆರಡು ಎಂದು ಗುರುತಿಸಿದಳು. ನಾಲ್ಕು ಗಂಟೆಯ ಹೊತ್ತಿಗೆ ಇಪ್ಪತ್ತೈದು ಪೂರ್ತಿ ಸಿಕ್ಕಿದ್ದವು. ಐದು ತೆರೆದವು, ಆದರೆ ಹೊಲಿಗೆ ನಡುವೆ ಹರಿದು ಎಲ್ಲೋ ಹಾರುತ್ತಿತ್ತು, ಅವನ್ನು ಸರಿಮಾಡಬಹುದು. ಆರು ಇಲ್ಲ.

ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವಳು ಎರಡು ದಿನ ಕೂತು ಮತ್ತೆ ಬರೆದ ಏಳರ ಹಳೆಯ ಪ್ರತಿಗಳೂ ಚೆನ್ನಾಗಿಯೇ ಸಿಕ್ಕವು. ಸಿಗದ ಆರು, ಅವಳು ಕೊನೆಗೆ ಬರೆದಿದ್ದ ಮದುಮಗಳ ರವಿಕೆಯವು, ಎಲ್ಲಕ್ಕಿಂತ ಕಷ್ಟದವು. ಹೊಸದು ಹೋಗಿ ಅವುಗಳ ಜಾಗದಲ್ಲೇ ಕೂತಿರಬೇಕು ಎಂದರು ಅಂಗಡಿಯವರು. ಮಂಗಳವಾರ ಸಂಜೆಯೇ ಮುಚ್ಚಿಟ್ಟಿದ್ದರೆ ಎಂದು ಶುರುಮಾಡಿ, ನಮ್ಮಿಬ್ಬರ ಮುಖ ನೋಡಿ ನಿಲ್ಲಿಸಿದರು.

ವಾಪಸು ಬರುವ ಬಸ್ಸಿನಲ್ಲಿ ಒಂದು ಸೀಟು ಖಾಲಿಯಾಯಿತು. ತಂಗಿ ಅದನ್ನು ತೋರಿಸಿ, "ಅಕ್ಕಾ, ನೀಂಗ ಉಕ್ಕಾರುಂಗ," ಎಂದಳು. ನೀವು ಕೂತುಕೊಳ್ಳಿ. ತಮಿಳಿನಲ್ಲಿ, ಬಹುವಚನದಲ್ಲಿ. ಹೊರಗಿನವರಿಗೆ ಹೇಳುವ ಹಾಗೆ. ಮನೆಗೆ ಬಂದ ಮೇಲೂ ನನ್ನೊಡನೆ ಅವಳದು ತಮಿಳೇ. ಅವ್ವನೊಡನೆ ನಮ್ಮ ಮಾತು, ನನ್ನ ಕಡೆ ತಿರುಗಿದರೆ ತಮಿಳು. ಅವ್ವನಿಗೆ ಅರ್ಥವಾಗಲಿಲ್ಲ. "ಇವ್ಳಿಗೇನಾತೇ, ಅಕ್ಕನ ತಾವ ಕಂಡಕ್ಟರ್ ತಾವ ಮಾತಾಡ್ದಂಗೆ ಮಾತಾಡ್ತಾಳೆ?" ಎಂದಳು.

ಶನಿವಾರ ಅವಳು ಹರಿದ ಐದನ್ನು ಜೋಡಿಸುತ್ತಿದ್ದಳು. ನಾನು ಟೀ ಇಟ್ಟು, ನಿಂತು, ಕೊನೆಗೆ ಅಂದೆ: "ನೀನೇ ಅಲ್ವಾ ಪಾಪ್ಪಾ ಪಾಲು ಅಂದಿದ್ದು."

ಅವಳು ಮೌಸ್ ಬಿಟ್ಟಳು. ತಮಿಳಿನಲ್ಲೇ, ದನಿ ಏರಿಸದೆ ಹೇಳಿದಳು. ಪಾಲು ಎಂದದ್ದು ಆಟಕ್ಕೆ. ನಿಮಗೆ ಸರಿಯಾಗಿ ಬಿಡಿಸಿ ಹೇಳದ್ದು ನನ್ನ ತಪ್ಪು, ಒಪ್ಪುತ್ತೇನೆ. ನೀವು ಅಳಿಸಿದ್ದೂ ಪರವಾಗಿಲ್ಲ. "ಆನಾ ಮೂಣು ನಾಳ್ ಪಾತ್ತುಕ್ಕಿಟ್ಟೇ ಇರುಂದೀಂಗಳೇ." ಆದರೆ ಮೂರು ದಿನ ನೋಡುತ್ತಲೇ ಇದ್ದಿರಲ್ಲ.

ಅಷ್ಟು ಹೇಳಿ ಕೆಲಸಕ್ಕೆ ತಿರುಗಿದಳು. ಸಂಜೆ ಹೊರಗೆ ಬಂದು ನನ್ನ ಕಂಪ್ಯೂಟರಿನ ಮುಂದೆ ಕೂತು, ಜೆಡ್ ಡ್ರೈವಿನಲ್ಲಿ ನಾನು ಓದಲು ಮಾತ್ರ ಆಗುವಂತೆ ಮಾಡಿದಳು. ನೂಲಿನ ಟಿಪ್ಪಣಿಗೆ ಬೇರೆ ಫೋಲ್ಡರು. ದಿನದ ಕೊನೆಗೆ ಎಲ್ಲದರ ಪ್ರತಿ ಪೆನ್ ಡ್ರೈವಿಗೂ ಹೋಗಬೇಕು ಎಂದು ಒಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದಳು. ಪ್ರತಿಯೊಂದೂ ಸರಿಯಾದ ಕೆಲಸ. ಒಂದರಲ್ಲೂ ಕೋಪ ಕಾಣಲಿಲ್ಲ.

ಸೋಮವಾರ ಮೂವತ್ತು ಡಿಸೈನು ತೆಗೆದುಕೊಂಡು ದಿಂಡಿಗಲ್ಲಿಗೆ ಹೋದೆವು. ಕೈ ನೋವಿದ್ದುದರಿಂದ ಚೀಲ ಹೊರಲು ನಾನು ಬೇಕಾಗಿತ್ತು. ಷೋರೂಮಿನ ಒಡತಿ ಫೋನಿನಲ್ಲಿದ್ದ ಪಟ್ಟಿಯನ್ನು ಎದುರಿಟ್ಟುಕೊಂಡು ಒಂದೊಂದನ್ನೇ ದೊಡ್ಡ ಪರದೆಯಲ್ಲಿ ನೋಡಿದರು. ಮೂವತ್ತರ ನಂತರ ಕೈ ನಿಂತಿತು. ಉಳಿದ ಆರು ಎಲ್ಲಿ, ನನಗೆ ಬೇಕಾದದ್ದೇ ಅವು ಎಂದರು.

ತಂಗಿ ಕಟ್ಟಿದ ಕೈ ಎತ್ತಿ ತೋರಿಸಿದಳು. "ಕೈ ವಲಿ ಮೇಡಂ. ಮುಡಿಕ್ಕ ಮುಡಿಯಲೇ." ಕೈ ನೋವು, ಮುಗಿಸಲಾಗಲಿಲ್ಲ.

ಅವರು ಕೈಯನ್ನು ನೋಡಿ, ಅವಳನ್ನು ನೋಡಿದರು. ಆವಣಿಯಲ್ಲಿ ನಮಗೆ ಒಂದು ದಿನವೂ ಬಿಡುವಿಲ್ಲ, ಈಗಲೇ ಕೈ ನಿಂತರೆ ಆ ಮೇಜಿನಲ್ಲಿ ನಿನ್ನನ್ನು ಹೇಗೆ ಕೂರಿಸಲಿ ಎಂದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ತಂಗಿ ತಲೆ ತಗ್ಗಿಸಿದಳು. ನನ್ನನ್ನು ಹೊರಗಿನವರೆದುರು ಬಿಟ್ಟುಕೊಡದಿರಲು ಅವಳು ತನ್ನ ಮೇಜನ್ನೇ ಬಿಡುತ್ತಿದ್ದಾಳೆ ಎಂದು ಕಂಡಿತು.

ನಾನು ಎದ್ದು ನಿಂತು ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ. ಮೂವತ್ತಾರೂ ಮುಗಿದಿದ್ದವು, ನಾನು ಅಳಿಸಿದೆ, ಗೊತ್ತಿದ್ದೂ ಮೂರು ದಿನ ಹೇಳಲಿಲ್ಲ, ಅವಳು ಮತ್ತೆ ಬರೆಯಲು ಹೋಗಿ ಕೈ ಊದಿತು. ಕೈ ಊದಿದ್ದು ಅವಳ ಕೆಲಸದಿಂದಲ್ಲ, ನನ್ನಿಂದ.

ಒಡತಿ ಮೂವತ್ತನ್ನೂ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡರು. ಉಳಿದ ಆರನ್ನು ಇಲ್ಲೇ ಕೂತು, ಕೈ ವಾಸಿಯಾದ ಮೇಲೆ ಬರೆ, ಆವಣಿ ಒಂದಕ್ಕೆ ಬಾ ಎಂದರು. ಬಾಗಿಲವರೆಗೆ ಬಂದು, "ನಿನ್ನ ಅಕ್ಕನ ಕಂಪ್ಯೂಟರು ನಮ್ಮ ವೈಫೈಗೆ ಸೇರುವುದು ಬೇಡ," ಎಂದು ಸೇರಿಸಿದರು. ತಂಗಿಯ ಬಾಯಿಯ ಮೂಲೆ ಸ್ವಲ್ಪ ಅಲುಗಿತು. ಅಷ್ಟೇ.

ಬಸ್‌ಸ್ಟಾಂಡಿನಲ್ಲಿ ತೇನಿಯ ಬಸ್ಸು ಇನ್ನೂ ಬಂದಿರಲಿಲ್ಲ. "ತಣ್ಣಿ ವೇಣುಮಾ?" ಎಂದು ಕೇಳಿದಳು, ನೀರು ಬೇಕಾ ಎಂದು, ತಮಿಳಿನಲ್ಲೇ. ಮೇಜು ಸಿಕ್ಕಿತ್ತು; ನನಗೆ ಇನ್ನೂ ಕ್ಷಮೆ ಸಿಕ್ಕಿರಲಿಲ್ಲ. ಷೋರೂಮಿನಲ್ಲಿ ನಾನು ಹೇಳಿದ್ದು ಒಡತಿಗೆ, ತೇನಿಯಲ್ಲಿ ಹೇಳಿದ್ದು ಅಂಗಡಿಯವರಿಗೆ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರ ಮುಂದೆ ತಪ್ಪೊಪ್ಪಿಕೊಂಡದ್ದನ್ನು ನಾನು ನೋಡಿಲ್ಲ; ಅದನ್ನು ಹೇಗೆ ಶುರುಮಾಡಬೇಕೆಂದೂ ಗೊತ್ತಿರಲಿಲ್ಲ. ಚೀಲವನ್ನು ಕೆಳಗಿಟ್ಟೆ. ಸುತ್ತ ಜನರಿದ್ದರು, ಬಸ್ಸುಗಳ ಸದ್ದಿತ್ತು. ಕೇಳಿಸಬೇಕೆಂದು ಗಟ್ಟಿಯಾಗಿಯೇ ಹೇಳಿದೆ, ನಮ್ಮ ಮಾತಿನಲ್ಲಿ:

"ಪಾಪ್ಪಾ, ನೀ ಎಡ್ಗೈಲಿ ಬರೀತಿದ್ದೆ, ನಾ ಇಂದೆ ನಿಂತ್ಕಂಡು ನೋಡ್ತಿದ್ದೆ. ನಿಲ್ಸು ಅನ್ನಾಕೆ ನನ್ಕೆ ಬಾಯಿತ್ತು, ಅನ್ನಲಿಲ್ಲ. ತಪ್ಪು ನಂದೇ ಅಂತ ನೀ ಅಂದಾಗ್ಲೂ ಸುಮ್ಕಿದ್ದೆ. ನನ್ಕೆ ಬಯವಾತು, ಅದ್ಕೆ ನಿನ್ನ ಬಲಿ ಕೊಟ್ಟೆ. ನಾ ಮಾಡಿದ್ದು ತಪ್ಪು. ನನ್ನ ಮನ್ನಿಸ್ಬುಡು."